ಸೀಸದ ಕುಲುಮೆ, ಅಕ್ಕಿ ಚೀಲದ ದಾರ

ಮುಂಬಯಿಯ ಗುಜರಿ ಅಂಗಡಿಯವರು ಒಡೆದ ಸೈನ್‌ಬೋರ್ಡಿನ ಅಕ್ರಿಲಿಕ್ ಚೂರನ್ನು ಬೇರೆ ಪ್ಲಾಸ್ಟಿಕ್ ಜೊತೆ ಬೆರೆಸುವುದಿಲ್ಲ. ಪಕ್ಕಕ್ಕೆ ಎತ್ತಿಡುತ್ತಾರೆ. ಕೋವಿಡ್ ಕಾಲದಲ್ಲಿ ಕೌಂಟರ್‌ಗಳಿಗೆ ಅಡ್ಡ ನಿಲ್ಲಿಸಿದ್ದ ಪಾರದರ್ಶಕ ಹಾಳೆಗಳೂ ಆಮೇಲೆ ಇಲ್ಲಿಗೇ ಬಂದವು. ಸಾಮಾನ್ಯ ಪ್ಲಾಸ್ಟಿಕ್ಕನ್ನು ಕರಗಿಸಿದರೆ ಸಿಗುವುದು ಇನ್ನೂ ಕಳಪೆ ಪ್ಲಾಸ್ಟಿಕ್. ಅಕ್ರಿಲಿಕ್ ಶೀಟ್ ಹಾಗಲ್ಲ, ಚೆನ್ನಾಗಿ ಕಾಯಿಸಿದರೆ ತಾನು ಹುಟ್ಟಿದ ದ್ರವಕ್ಕೇ ಮರಳುತ್ತದೆ.

ಆ ದ್ರವದ ಹೆಸರು ಮೀಥೈಲ್ ಮೆಥಾಕ್ರಿಲೇಟ್. ಘಾಟು ವಾಸನೆ, ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಅದರ ಅಣುಗಳು ಸಾವಿರಗಟ್ಟಲೆ ಸಾಲಾಗಿ ಕೊಂಡಿ ಬಿದ್ದರೆ ಅಕ್ರಿಲಿಕ್. ಅಜ್ಜನ ಹಲ್ಲಿನ ಸೆಟ್ಟಿನ ಗುಲಾಬಿ ಭಾಗವೂ ಇದೇ. ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಕಣ್ಣಿನೊಳಗೆ ಕೂರಿಸಿದ ಮೊದಲ ಕೃತಕ ಮಸೂರವೂ ಇದೇ.

ಮರಳಿಸುವ ಹಳೆಯ ವಿಧಾನ ಮಾತ್ರ ಒರಟು. ಸೀಸ 327 ಡಿಗ್ರಿಗೆ ಕರಗುತ್ತದೆ. ಕರಗಿದ ಸೀಸವನ್ನು ಇನ್ನೂ ಕಾಯಿಸಿ ಅದರ ಮೇಲೆ ಅಕ್ರಿಲಿಕ್ ಚೂರು ಸುರಿದರೆ ಸರಪಳಿ ಬಿಚ್ಚಿ ಆವಿಯಾಗುತ್ತದೆ; ತಣಿಸಿದರೆ ದ್ರವ. ಸ್ವಚ್ಛ ಚೂರಾದರೆ ನೂರಕ್ಕೆ 90ಕ್ಕಿಂತ ಹೆಚ್ಚು ವಾಪಸ್. ಲೆಕ್ಕ ಚೆನ್ನಾಗಿದೆ. ಆದರೆ ಕುಲುಮೆಯಲ್ಲಿ ಉಳಿಯುವ ಬೂದಿಯಲ್ಲಿ ಸೀಸ ಇರುತ್ತದೆ, ಅದನ್ನು ಕೆರೆದು ತೆಗೆಯುವವನು ಮನುಷ್ಯ. ಇಂಥ ಒಂದು ಘಟಕಕ್ಕೆ ನಾನು ಹೋಗಿದ್ದಾಗ ಆ ಕೆಲಸದ ಹುಡುಗನ ಮುಖಕ್ಕೆ ಇದ್ದದ್ದು ಒಂದು ಟವೆಲ್ ಅಷ್ಟೇ. 'ಮರುಬಳಕೆ' ಎಂಬ ಹಸಿರು ಮೊಹರು ನೋಡಿದಾಗಲೆಲ್ಲ ನನಗೆ ಆ ಟವೆಲ್ಲೇ ಕಾಣುತ್ತದೆ.

ಇಷ್ಟು ಬಿಸಿ ಏಕೆ ಬೇಕು? ಅಕ್ಕಿ ಚೀಲದ ಬಾಯಿಗೆ ಹಾಕಿದ ಹೊಲಿಗೆ ನೆನಪಿಸಿಕೊಳ್ಳಿ. ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಸಿಗದಿದ್ದರೆ ಚಾಕು ಬೇಕು. ಮಾಮೂಲಿ ವಿಧಾನದಲ್ಲಿ ತಯಾರಾದ ಅಕ್ರಿಲಿಕ್ ಸರಪಳಿಗೆ ಎಳೆಯುವ ತುದಿಯೇ ಇರುವುದಿಲ್ಲ. ಬೆಳೆಯುತ್ತಿರುವ ಎರಡು ಸರಪಳಿ ಡಿಕ್ಕಿ ಹೊಡೆದರೆ ಬೆಳವಣಿಗೆ ಅಲ್ಲಿಗೇ ನಿಂತು ತುದಿ ಸತ್ತುಹೋಗುತ್ತದೆ. ಸೀಸದ ಕುಲುಮೆ ಮಾಡುವುದು ಚಾಕುವಿನ ಕೆಲಸ.

ತುದಿಯನ್ನು ಸಾಯಗೊಡದೆ ಸರಪಳಿ ಕಟ್ಟುವ ವಿದ್ಯೆ ಬೇರೆಯೇ ಇದೆ. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾಟಿಯಾಶೆವ್ಸ್‌ಕಿ ತಾಮ್ರದಿಂದ, ಜಪಾನಿನ ಕ್ಯೋಟೋದಲ್ಲಿ ಸವಾಮೊಟೊ ರುಥೇನಿಯಂನಿಂದ ಇದನ್ನು ಸಾಧಿಸಿದರು. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓದವರು ಗಂಧಕದ ಸಂಯುಕ್ತ ಬಳಸಿ 'ರಾಫ್ಟ್' ವಿಧಾನ ಪ್ರಕಟಿಸಿದರು. ಉದ್ದೇಶ ಎಲ್ಲ ಸರಪಳಿಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು ಎನ್ನುವುದು. ಆ ಜೀವಂತ ತುದಿ ಬಿಚ್ಚುವುದಕ್ಕೂ ಒದಗುತ್ತದೆ ಎಂಬುದು ಗಟ್ಟಿಯಾಗಿ ತೋರಿಬಂದದ್ದು ಬಹಳ ತಡವಾಗಿ. 2022ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಅಥೀನಾ ಅನಸ್ತಾಸಾಕಿ ಅವರ ತಂಡ ಇಂಥ ಸರಪಳಿಗಳನ್ನು ಬರೀ 120 ಡಿಗ್ರಿಯಲ್ಲಿ, ಶೇ 92ರವರೆಗೆ ಬಿಚ್ಚಿ ತೋರಿಸಿತು. ನಮ್ಮ ಮನೆಯ ಓವನ್ನಿನ ಬಿಸಿಗಿಂತಲೂ ಕಡಿಮೆ!

ಆದರೆ ಕುಣಿದಾಡುವಂತಿಲ್ಲ. ಒಂದು ಚಿಟಿಕೆ ಪಾಲಿಮರ್‌ಗೆ ತುಂಬಾ ದ್ರಾವಕ ಬೇಕು. ಜೊತೆಗೆ, ಬೋರ್ಡಿನ ಅಕ್ರಿಲಿಕ್‌ಗೆ ಆ ತುದಿ ಇಲ್ಲವಲ್ಲ? ಅದೇ ತಂಡ 2025ರಲ್ಲಿ ಬೆಳಕಿನ ಸಹಾಯದಿಂದ ಮಾಮೂಲಿ ಮಾರುಕಟ್ಟೆ ಅಕ್ರಿಲಿಕ್ಕನ್ನೂ ಬಿಚ್ಚಿದೆ. ಅಲ್ಲಿ ಬಳಸಿದ್ದು ಕ್ಲೋರಿನ್ ಇರುವ ದ್ರಾವಕ, ಅದರದ್ದೇ ಇನ್ನೊಂದು ತಲೆನೋವು.

'ಅಕ್ರಿಲಿಕ್' ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಗೋಡೆಯ ಬಣ್ಣದಲ್ಲಿರುವ ಅಕ್ರಿಲೇಟ್‌ನ ಕೊಂಡಿಗೆ ಮೆಥಾಕ್ರಿಲೇಟ್‌ನಲ್ಲಿರುವ ಒಂದು ಮೀಥೈಲ್ ಗುಂಪು ಇಲ್ಲ. ಅಷ್ಟಕ್ಕೇ ಕಾಯಿಸಿದಾಗ ಸರಪಳಿ ಸಾಲಾಗಿ ಬಿಚ್ಚದೆ ಕಲಸುಮೇಲೋಗರವಾಗುತ್ತದೆ.

ಪ್ರಯೋಗಾಲಯದ ವಿದ್ಯೆ ಕಾರ್ಖಾನೆಗೆ ಇಳಿಯುವವರೆಗೂ ಸೀಸವೇ ಗತಿ ಎಂದೇನೂ ಇಲ್ಲ. ಎರಡು ಸ್ಕ್ರೂಗಳ ಎಕ್ಸ್‌ಟ್ರೂಡರ್‌ನಲ್ಲಿ ಸೀಸವಿಲ್ಲದೆ ಕಾಯಿಸಿ ಬಿಚ್ಚಬಹುದು. ಯಂತ್ರದ ಬಂಡವಾಳ ಮಾತ್ರ ದೊಡ್ಡದು. ಮರುಬಳಕೆಯ ಮಾನೋಮರ್ ಮಾರಲು ಬರುವವರಿಗೆ ನಾನು ಶುದ್ಧತೆಯ ಸರ್ಟಿಫಿಕೇಟಿಗೂ ಮೊದಲು ಕೇಳುವ ಪ್ರಶ್ನೆ ಒಂದೇ: ಕುಲುಮೆಯ ಬೂದಿ ಎಲ್ಲಿ ಹಾಕುತ್ತೀರಿ? ಅರ್ಧಕ್ಕರ್ಧ ಮಂದಿ ಮತ್ತೆ ಫೋನ್ ಮಾಡುವುದಿಲ್ಲ.