ಗಾಂಧಿ ಬಜಾರಿನ ತಿಂಡಿಪಟ್ಟಿ ಬಲು ಚಿಕ್ಕದು

ತಿಂಡಿಗಾಗಿ ಊರಿನ ಆ ತುದಿಯಿಂದ ಈ ತುದಿಗೆ ಬರುವವರನ್ನು ನೋಡಬೇಕೆಂದರೆ ಭಾನುವಾರ ಬೆಳಗ್ಗೆ ಬೆಂಗಳೂರಿನ ಗಾಂಧಿ ಬಜಾರಿಗೆ ಹೋಗಬೇಕು. ವಿದ್ಯಾರ್ಥಿ ಭವನದ ಮುಂದಿನ ಫುಟ್‌ಪಾತಿನಲ್ಲಿ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗರು, ಯಲಹಂಕದಿಂದ ಬಂದ ಮೂರು ತಲೆಮಾರಿನ ಸಂಸಾರ, ವಾಕಿಂಗ್ ಮುಗಿಸಿದ ಪಕ್ಕದ ಬೀದಿಯ ನಿವೃತ್ತರು ಎಲ್ಲರೂ ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಿರುತ್ತಾರೆ. ಯಾರಿಗೂ ಬೇಸರವಿದ್ದಂತೆ ಕಾಣುವುದಿಲ್ಲ. ಒಳಗೆ ಹೋದಮೇಲೂ ಇಡೀ ಮೇಜು ನಿಮ್ಮದಲ್ಲ. ಎದುರಿಗೆ ಅಪರಿಚಿತರೊಬ್ಬರು ಕೂತಿರುತ್ತಾರೆ, ಅವರ ದೋಸೆ ನಿಮಗಿಂತ ಮೊದಲು ಬರುತ್ತದೆ. ಆ ಐದು ನಿಮಿಷ ಎಲ್ಲಿ ನೋಡಬೇಕೆಂದು ತೋಚದವರಿಗಾಗಿ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ.

1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಗಲ್ಲಿಗಳನ್ನು ಬಡಿದ ಮೇಲೆ ಗಾಳಿ ಬೆಳಕಿಗೆ ಜಾಗ ಬಿಟ್ಟು ಹಾಕಿದ ಬಡಾವಣೆಗಳಲ್ಲಿ ಗಾಂಧಿ ಬಜಾರಿರುವ ಬಸವನಗುಡಿಯೂ ಒಂದು, ಇನ್ನೊಂದು ಮಲ್ಲೇಶ್ವರ. ಎರಡರಲ್ಲಿ ಯಾವುದರ ತಿಂಡಿ ಮೇಲು ಎಂಬ ಜಗಳ ಇನ್ನೂ ಮುಗಿದಿಲ್ಲ, ನಾನು ಅದಕ್ಕೆ ಕೈ ಹಾಕುವುದೂ ಇಲ್ಲ. ಮನೆಗಳ ಜೊತೆಗೆ ಶಾಲೆ ಕಾಲೇಜುಗಳು ಬಂದವು, ಅವುಗಳ ಹಿಂದೆಯೇ ಹಸಿದ ಹುಡುಗರು ಬಂದರು. ಸಾಲಿಗ್ರಾಮದ ಕಡೆಯಿಂದ ಬಂದ ವೆಂಕಟರಮಣ ಉರಾಳರು 1943ರಲ್ಲಿ ಇಲ್ಲಿ ವಿದ್ಯಾರ್ಥಿ ಭವನ ತೆರೆದಾಗ ಗಿರಾಕಿಗಳು ಬಹುಪಾಲು ಆಚಾರ್ಯ ಪಾಠಶಾಲೆ ಮತ್ತು ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳೇ. ಹೆಸರು ಬಂದದ್ದು ಅವರಿಂದ. 1970ರಲ್ಲಿ ರಾಮಕೃಷ್ಣ ಅಡಿಗರು ಇದನ್ನು ವಹಿಸಿಕೊಂಡರು, ಈಗಲೂ ಅದೇ ಮನೆತನದ ಕೈಯಲ್ಲಿದೆ.

ಇನ್ನು ದೋಸೆ. ಪಂಚೆ ಉಟ್ಟ ಸಪ್ಲೈಯರ್ ಒಬ್ಬರು ಹತ್ತಕ್ಕೂ ಹೆಚ್ಚು ತಟ್ಟೆಗಳನ್ನು ಬೆರಳಿನಿಂದ ಭುಜದವರೆಗೆ ಪೇರಿಸಿಕೊಂಡು ಒಲೆಮನೆಯಿಂದ ಹೊರಬರುವ ದೃಶ್ಯವನ್ನು ಇಂದು ಎಲ್ಲರೂ ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದು ಕಸರತ್ತಲ್ಲ, ಅಗತ್ಯ. ಒಮ್ಮೆಗೇ ಕಾವಲಿ ತುಂಬ ಹೊಯ್ದ ದೋಸೆಗಳು ಒಮ್ಮೆಗೇ ಏಳುತ್ತವೆ, ಗರಿ ಇಳಿಯುವ ಮೊದಲೇ ಎಲ್ಲವೂ ಮೇಜು ಸೇರಬೇಕು. ಈ ದೋಸೆ ಕಾಗದದಂತೆ ತೆಳುವಲ್ಲ. ಹೊರಮೈ ಕಂದುಗೆಂಪಾಗಿ ಗರಿಗರಿ, ಒಳಮೈ ದಪ್ಪ, ಮೆತ್ತಗೆ. ಮುರಿದರೆ ಬೆರಳಿಗೆ ತುಪ್ಪ ಹತ್ತುತ್ತದೆ. ಸಾಂಬಾರು ಕೇಳುವವರಿಗೆ ಇಲ್ಲಿ ನಿರಾಶೆ. ದೋಸೆಗೆ ಚಟ್ನಿ ಮಾತ್ರ, ಅದೂ ತಟ್ಟೆಯಲ್ಲಿ ಹರಿಯುವಷ್ಟು ನೀರು. ಮೊದಲ ಸಲ ಬಂದವರು ಮುಖ ಸಿಂಡರಿಸುವುದುಂಟು. ಆದರೆ ತುಪ್ಪದಲ್ಲಿ ಮಿಂದ ದೋಸೆಗೆ ಗಟ್ಟಿ ಚಟ್ನಿ ಕೊಟ್ಟರೆ ನಾಲ್ಕನೇ ತುತ್ತಿಗೇ ಮುಖ ಕಟ್ಟುತ್ತದೆ. ನೀರು ಚಟ್ನಿ ಗರಿಯ ಸಂದಿಗಿಳಿದು ಜಿಡ್ಡನ್ನು ಕಳೆಯುತ್ತದೆ. ಹಸಿಮೆಣಸಿನಕಾಯಿಯ ಖಾರ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಇಂಥ ದೋಸೆಯನ್ನು ಮನೆಯಲ್ಲಿ ಮಾಡಹೊರಟವರ ಪ್ರಯೋಗಗಳು ಬಸವನಗುಡಿಯ ಅಡುಗೆಮನೆಗಳಲ್ಲಿ ಎಣಿಕೆಗೆ ಸಿಗದಷ್ಟು ನಡೆದಿವೆ. ಮೆಂತ್ಯ, ಕಡಲೆಬೇಳೆ, ಒಂದು ಹಿಡಿ ಅವಲಕ್ಕಿ ಸೇರಿಸಿದರೆ ಕೆಂಪೇರುತ್ತದೆ ಎಂಬ ಗುಟ್ಟು ಈಗ ಯಾರಿಗೂ ಗುಟ್ಟಲ್ಲ. ಬಣ್ಣ ಬರುತ್ತದೆ, ಗರಿಯೂ ಬರುತ್ತದೆ, ಒಳಗಿನ ಮೆದು ಮಾತ್ರ ತಪ್ಪಿಸಿಕೊಳ್ಳುತ್ತದೆ. ಕಾರಣ ಹಿಟ್ಟಿನಲ್ಲಿಲ್ಲ, ಕಬ್ಬಿಣದಲ್ಲಿದೆ. ಹೋಟೆಲಿನ ದಪ್ಪ ಕಾವಲಿ ಬೆಳಗಿನಿಂದ ಕಾದು ಕೂತಿರುತ್ತದೆ; ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿ ಹಿಟ್ಟು ಹೊಯ್ದರೂ ಅದರ ಕಾವು ಕುಸಿಯುವುದಿಲ್ಲ. ಮನೆಯ ಹೆಂಚಿಗೆ ಆ ತ್ರಾಣವಿಲ್ಲ. ಹಾಗೆಂದು ಮನೆಯವರು ಸೋತರೆಂದೇನೂ ಅಲ್ಲ. ಹೋಟೆಲಿನಲ್ಲಿ ಸಿಗದ ತೆಳ್ಳನೆ ಮೆತ್ತನೆ ಸಾದಾ ದೋಸೆ, ನೆನ್ನೆಯ ಹುಳಿ, ಬೆಣ್ಣೆ, ಚಟ್ನಿಪುಡಿ ಅವರ ಪಾಲಿಗಿವೆ. ಈ ಪೇಟೆಯಲ್ಲಿ ಮನೆ ಮತ್ತು ಹೋಟೆಲು ಒಂದರ ಜಾಗವನ್ನು ಇನ್ನೊಂದು ಕಸಿಯದೆ ಬದುಕಿವೆ.

ಇಲ್ಲಿ ಬಾಳಿದ ಅಂಗಡಿ ಹೋಟೆಲುಗಳನ್ನು ಗಮನಿಸಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಮಾಡುವುದು ಕೆಲವೇ ತಿಂಡಿ, ಅವನ್ನೇ ದಿನವೂ. ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತುಗಳಲ್ಲೇ ನಿಂತಿದೆ. ಜೊತೆಗೆ ಕಾಫಿ, ಟೀ. ದೋಸೆ ಇಲ್ಲ, ಸಾಂಬಾರಿಲ್ಲ, ಕೂರಲು ಕುರ್ಚಿಯೂ ಇಲ್ಲ. ರಸ್ತೆ ಬದಿಯಲ್ಲಿ ತಟ್ಟೆ ಹಿಡಿದು ನಿಂತವರು ಚಟ್ನಿಗಾಗಿ ಮತ್ತೆ ಮತ್ತೆ ಕೌಂಟರಿಗೆ ಹೋಗುತ್ತಾರೆ, ಇಡ್ಲಿ ಮುಗಿದಮೇಲೂ ಚಟ್ನಿಯನ್ನಷ್ಟೇ ತಿನ್ನುವವರಿದ್ದಾರೆ. ಇತ್ತ ನೂಡಲ್ಸಿನಿಂದ ನಾರ್ತ್ ಇಂಡಿಯನ್‌ವರೆಗೆ ನೂರೆಂಟು ಹೆಸರಿನ ಪಟ್ಟಿ ನೇತುಹಾಕಿದ ಹೋಟೆಲುಗಳು ಇದೇ ಬಡಾವಣೆಯಲ್ಲಿ ಬಂದವು, ಬಣ್ಣ ಬದಲಿಸಿದವು, ಹೋದವು. ಗಿರಾಕಿಗಳು ಇಲ್ಲಿ ಸುಲಭದವರಲ್ಲ ಎಂಬುದೇ ನನ್ನ ಗುಮಾನಿ. ಬೆಳಗ್ಗೆ ತಾವೇ ಸಾರಿಗೆ ಒಗ್ಗರಣೆ ಹಾಕಿ ಬಂದವರು ಖಾರಾಬಾತಿನ ರವೆ ಹುರಿದದ್ದು ಸಾಲದೆಂದು ಒಂದೇ ಚಮಚಕ್ಕೆ ಹೇಳಿಬಿಡುತ್ತಾರೆ.

ಅಂಥವರು ಸಾಮಾನು ಕೊಳ್ಳುವ ಜಾಗವೂ ಗಾಂಧಿ ಬಜಾರೇ. ಎಳೆ ಸೀಮೆಬದನೆ, ನವಿಲುಕೋಸು, ಸಬ್ಬಸಿಗೆ, ದಂಟು, ಬೇಸಿಗೆಗೆ ಮೊದಲು ಮಾವಿನಮಿಡಿ, ಉಪ್ಪಿನಕಾಯಿಗೆ ಹೆರಳೆಕಾಯಿ. ಬಾಳೆ ಎಲೆಯನ್ನು ಮಡಿಸಿ ಕೊಡುವವರ ಪಕ್ಕದಲ್ಲೇ ಮಲ್ಲಿಗೆ ಮೊಳ ಹಾಕುವವರು. ಗೌರಿ ಹಬ್ಬಕ್ಕೆ ಮೊರದ ಬಾಗಿನ, ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು. ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹಾಕುವ ಪುರುಸೊತ್ತಿಲ್ಲದವರಿಗೆ ಬೆರೆಸಿಟ್ಟ ಎಳ್ಳೇ ಪೊಟ್ಟಣದಲ್ಲಿ ಸಿದ್ಧ.

ಪುರುಸೊತ್ತಿಲ್ಲದವರನ್ನು ಈ ಪೇಟೆ ಕಾಯತೊಡಗಿದ್ದು ಇಂದು ನಿನ್ನೆಯಲ್ಲ. ಸುಬ್ಬಮ್ಮ ಎಂಬ ಗಟ್ಟಿಗಿತ್ತಿ 1948ರಲ್ಲಿ ಆರಂಭಿಸಿದ ಅಂಗಡಿಗೆ ಬೋರ್ಡಿನ ಮೇಲೆ ಬೇರೆ ಹೆಸರಿದ್ದರೂ ಜನರ ಬಾಯಲ್ಲಿ ಅದು ಸುಬ್ಬಮ್ಮನ ಅಂಗಡಿಯೇ. ಹಪ್ಪಳ, ಸಂಡಿಗೆ, ಕೋಡುಬಳೆ, ಚಟ್ನಿಪುಡಿ, ಹುರಿಗಾಳು. ಚಿಕ್ಕ ಜಾಗ, ಹಬ್ಬದ ವಾರದಲ್ಲಿ ಕೈ ಚಾಚಿ ದುಡ್ಡು ಕೊಟ್ಟು ಕೈ ಚಾಚಿಯೇ ಪೊಟ್ಟಣ ತೆಗೆದುಕೊಳ್ಳಬೇಕು. ಅಮೆರಿಕಕ್ಕೆ ಹೊರಟ ಮಕ್ಕಳ ಸೂಟ್‌ಕೇಸಿನ ತೂಕ ಹೆಚ್ಚುವುದು ಇಲ್ಲಿಂದಲೇ. ಹೆಂಗಸರು ಮಾಳಿಗೆಯ ಮೇಲೆ ಒಣಗಿಸುತ್ತಿದ್ದ ಹಪ್ಪಳ ಅಂಗಡಿಯ ಸರಕಾದಾಗ ಅಡುಗೆಯ ಸಂಸ್ಕೃತಿ ಕೆಟ್ಟಿತೆಂದು ಗೊಣಗಿದವರು ಆಗಲೂ ಇದ್ದಿರಬೇಕು. ನನಗೇನೋ ಒಬ್ಬ ಹೆಂಗಸಿನ ಕೈರುಚಿಗೆ ಬೆಲೆ ಕಟ್ಟಿ ದುಡ್ಡು ಕೊಟ್ಟದ್ದು ಒಳ್ಳೆಯ ಸಂಸ್ಕೃತಿಯಾಗಿಯೇ ಕಾಣುತ್ತದೆ.

ಕುಡಿಯುವುದೆಂದರೆ ಇಲ್ಲಿ ಕಾಫಿ. ರಾಮನವಮಿಯ ದಿನ ಮಾತ್ರ ಪಾನಕ, ನೀರುಮಜ್ಜಿಗೆಗೆ ಆ ಮರ್ಯಾದೆ ಸಲ್ಲುತ್ತದೆ. ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳ ಘಮ ಮಾರು ದೂರಕ್ಕೇ ತಡೆದು ನಿಲ್ಲಿಸುತ್ತದೆ. ಮುಂದಿನ ಪ್ರಶ್ನೆಗಳಿಗೆ ಪ್ರತಿ ಮನೆಯವರಲ್ಲೂ ಖಾಯಂ ಉತ್ತರವಿರುತ್ತದೆ. ಪೀಬರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಹಾಕಬೇಕೋ ಬೇಡವೋ? ಪೀಬರಿಯೆಂದರೆ ಕಾಯೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ಗುಂಡು ಬೀಜ. ಚಿಕೋರಿ ಕಾಫಿಯೇ ಅಲ್ಲ, ಒಂದು ಬೇರು; ಬಣ್ಣ, ಮಂದ, ಒಂದು ಬಗೆಯ ಒಗರು ಕೊಡುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಶುದ್ಧ ಕಾಫಿಯ ಹಟ ಹಿಡಿದವರು ಚಿಕೋರಿಯನ್ನು ಕಲಬೆರಕೆ ಎಂದು ಜರೆಯುತ್ತಾರೆ. ಅವರೇ ಹೋಟೆಲಿನ ಬೈಟು ಕಾಫಿಯನ್ನು ಕಣ್ಣು ಮುಚ್ಚಿ ಹೀರಿ, ಮನೆಯಲ್ಲಿ ಈ ಹದ ಯಾಕೆ ಬರುವುದಿಲ್ಲ ಎಂದು ಕೇಳುವುದನ್ನೂ ಕಂಡಿದ್ದೇನೆ.

ಹೋಗಲು ಒಳ್ಳೆಯ ಕಾಲ ಯಾವುದೆಂದರೆ ಕಾರ್ತಿಕದಿಂದ ಸಂಕ್ರಾಂತಿಯವರೆಗೆ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿಗಳು ಹೊಲಗಳಾಗಿದ್ದ ಕಾಲದಲ್ಲಿ ಬಸವ ಬಂದು ಬೆಳೆ ಮೇಯುತ್ತಿದ್ದನಂತೆ, ಅವನನ್ನು ಒಲಿಸಲು ಮೊದಲ ಫಸಲನ್ನು ಒಪ್ಪಿಸತೊಡಗಿದರಂತೆ. ಹೊಲಗಳು ಹೋದವು, ಕಡಲೆಕಾಯಿ ಈಗ ದೂರದೂರುಗಳಿಂದ ಲಾರಿಯಲ್ಲಿ ಬರುತ್ತದೆ, ಸೇರಿನ ಅಳತೆ ಮಾತ್ರ ಇನ್ನೂ ಕಾಣಸಿಗುತ್ತದೆ. ಹಸಿ, ಹುರಿದದ್ದು, ಬೇಯಿಸಿದ್ದು ಮೂರನ್ನೂ ಕೊಂಡು ನಡೆಯುತ್ತ ತಿನ್ನಬೇಕು, ಸಿಪ್ಪೆಯ ಚಿಂತೆ ಆಮೇಲೆ.

ಚಳಿ ಬಲಿತಂತೆ ಸೊಗಡಿನ ಅವರೆ ಬರುತ್ತದೆ. ಇಬ್ಬನಿಯಲ್ಲಿ ನೆನೆದ ಕಾಯಿಗೆ ಅಂಟಂಟು ಜಿಡ್ಡು, ಬಿಡಿಸಿದರೆ ಇಡೀ ದಿನ ಕೈ ಘಮ್ಮೆನ್ನುತ್ತದೆ. ನೆನೆಸಿ ಒಂದೊಂದೇ ಕಾಳನ್ನು ಹಿಂಡಿ ಸಿಪ್ಪೆ ಕಳಚಿದರೆ ಹಿತಕಿದ ಬೇಳೆ. ಮಾಡುವ ಶ್ರಮಕ್ಕೂ ತಿನ್ನುವ ಹೊತ್ತಿಗೂ ಇಷ್ಟು ತಾಳಮೇಳವಿಲ್ಲದ ಅಡುಗೆ ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ಸಂಜೆಯಿಡೀ ಹಿತುಕಿದ್ದು ರಾತ್ರಿಯ ಮುದ್ದೆಗೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಜ್ಜನರಾವ್ ವೃತ್ತದ ತಿಂಡಿ ಬೀದಿಯಲ್ಲಿ ಈ ದಿನಗಳಲ್ಲಿ ಅವರೆಬೇಳೆಯ ದೋಸೆಯಿಂದ ಜಿಲೇಬಿಯವರೆಗೆ ಎಲ್ಲವೂ ಸಿಗುತ್ತವೆ. ಜಿಲೇಬಿಯನ್ನು ಧೈರ್ಯಸ್ಥರಿಗೆ ಬಿಡೋಣ.

ಕಥೆಗಾರ ಮಾಸ್ತಿಯವರು ಸಂಜೆ ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಬೀದಿ ಗಾಂಧಿ ಬಜಾರು. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನ, 1960ರ ‘ಮನಸು ಗಾಂಧಿಬಜಾರು’, ತನ್ನ ಹೆಸರಿಗೇ ಈ ಪೇಟೆಯನ್ನು ಎಳೆದುಕೊಂಡಿತು. ಆ ಗಾಂಧಿ ಬಜಾರನ್ನೇ ಹುಡುಕಿ ಬಂದವರಿಗೆ ಈಗಿನದು ಗುರುತು ಹತ್ತದೆ ಹೋಗಬಹುದು. ಇತ್ತೀಚೆಗೆ ರಸ್ತೆ ಅಗೆದು ಕಲ್ಲುಹಾಸು ಹಾಕಿದ್ದಾರೆ. ಕೆಲಸ ಎಳೆದಾಡಿದ ಕಾಲದಲ್ಲಿ ಹೂವಿನವರು, ಹಣ್ಣಿನವರು ಧೂಳಿನ ನಡುವೆ ಪಟ್ಟ ಪಾಡು ಸಣ್ಣದಲ್ಲ. ಕೊರತೆಗಳೂ ಇವೆ. ತಿಂಡಿಗೆ ಕೊಟ್ಟ ಶ್ರದ್ಧೆಯನ್ನು ಈ ಪೇಟೆ ರಾತ್ರಿಯ ಊಟಕ್ಕೆ ಕೊಟ್ಟಿಲ್ಲ, ಮಾಂಸದ ಊಟಕ್ಕಂತೂ ಬೆನ್ನು ಹಾಕಿಯೇ ಕೂತಿದೆ. ದೊನ್ನೆ ಬಿರಿಯಾನಿ ಬೇಕಾದವರು ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಹೋಗಬೇಕು. ಹೋದರೆ ಅಲ್ಲೂ ಸಾಲೇ.

ಕಾರು ಬೇಡ, ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿಳಿದು ನಡೆಯಿರಿ, ಹಸಿವೂ ಆಗುತ್ತದೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಬ್ರಾಹ್ಮಣರ ಕಾಫಿ ಬಾರಿಗೆ ಭಾನುವಾರ. ಎರಡನ್ನೂ ಒಂದೇ ಬೆಳಗ್ಗೆ ಮುಗಿಸುವ ಹುಮ್ಮಸ್ಸಿದ್ದರೆ ಶನಿವಾರ ವಾಸಿ. ಶನಿವಾರ ಒಪ್ಪತ್ತು ಎಂಬ ನೆಪ ಇಲ್ಲಿ ನಡೆಯದು: ಒಪ್ಪತ್ತಿಗೆ ವರ್ಜ್ಯವಾದದ್ದು ಅನ್ನವೇ ಹೊರತು ದೋಸೆಯಲ್ಲ ಎಂದು ಬಸವನಗುಡಿಯ ಹಿರಿಯರು ಎಂದೋ ತೀರ್ಮಾನಿಸಿಕೊಂಡಿದ್ದಾರೆ.