ಕ್ರ್ಯಾಶ್ ಆದ ಆ್ಯಪ್ ತಾನೇ ಕೊಡುವ ದೂರು

ಬಳಸುತ್ತಿರುವಾಗಲೇ ಆ್ಯಪ್ ತಟ್ಟನೆ ಮುಚ್ಚಿಹೋದರೆ ಅದು ಕ್ರ್ಯಾಶ್ ಆಯಿತು ಎನ್ನುತ್ತಾರೆ. ಬಳಕೆದಾರರಲ್ಲಿ ಹೆಚ್ಚಿನವರು ಗೊಣಗಿಕೊಂಡು ಮತ್ತೆ ತೆರೆಯುತ್ತಾರೆ, ಇಲ್ಲವೇ ಆ್ಯಪನ್ನೇ ತೆಗೆದುಹಾಕುತ್ತಾರೆ. ತಯಾರಿಸಿದವರಿಗೆ ತಿಳಿಸುವವರು ವಿರಳ. ತಿಳಿಸಿದರೂ ‘ಆ್ಯಪ್ ಓಪನ್ ಆಗ್ತಿಲ್ಲ’ ಎಂಬ ಒಂದೇ ಸಾಲು. ಅಷ್ಟರಿಂದ ದೋಷ ಹುಡುಕಲಾಗದು. ಅದಕ್ಕೇ ತನ್ನ ಕ್ರ್ಯಾಶನ್ನು ತಂತ್ರಾಂಶ ತಾನೇ ವರದಿ ಮಾಡುವ ಏರ್ಪಾಡು ಹುಟ್ಟಿತು. ಆ ವರದಿ ಕೊನೆಗೆ ಸೇರುವ ಜಾಗ ಇಶ್ಯೂ ಟ್ರ್ಯಾಕರ್. ಪ್ರತಿ ದೋಷಕ್ಕೂ ಒಂದು ಸಂಖ್ಯೆ ಕೊಟ್ಟು, ಯಾರು ಸರಿಪಡಿಸುತ್ತಿದ್ದಾರೆ, ಕೆಲಸ ಎಲ್ಲಿಗೆ ಬಂತು ಎಂಬುದನ್ನು ದಾಖಲಿಸುವ ಆನ್‌ಲೈನ್ ಕಡತವಿದು. ಮೊಜಿಲ್ಲಾದ ಬಗ್‌ಜಿಲ್ಲಾ 1998ರಿಂದ ಇದೆ. ಇಂದು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಇಶ್ಯೂ ಪುಟಗಳು ಹೆಚ್ಚು ಬಳಕೆಯಲ್ಲಿವೆ.

ಆ್ಯಪ್‌ನೊಳಗೆ ಒಂದು ಪುಟ್ಟ ಕೋಡ್ ಮೊದಲಿನಿಂದಲೂ ಕಾದಿರುತ್ತದೆ. ಬೇರೆಲ್ಲೂ ನಿಭಾಯಿಸಲಾಗದ ತಪ್ಪು ಘಟಿಸಿದಾಗ ಅದು ಎಚ್ಚೆತ್ತು, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತ ಯಾವ ಸಾಲಿನಲ್ಲಿ ಮುಗ್ಗರಿಸಿತು ಎಂಬ ಜಾಡನ್ನು ಬರೆದಿಡುತ್ತದೆ. ಇದೇ ಸ್ಟ್ಯಾಕ್ ಟ್ರೇಸ್. ಜೊತೆಗೆ ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್ ಆವೃತ್ತಿ, ಸಮಯ. ಕುಸಿಯುತ್ತಿರುವ ಪ್ರೋಗ್ರಾಮನ್ನು ನೆಚ್ಚಿ ಇಂಟರ್‌ನೆಟ್ ಮೂಲಕ ಏನನ್ನೂ ಕಳುಹಿಸಲಾಗದು. ಹೀಗಾಗಿ ವರದಿಯನ್ನು ಸಾಮಾನ್ಯವಾಗಿ ಫೋನಿನಲ್ಲೇ ಉಳಿಸಿ, ಆ್ಯಪ್ ಮತ್ತೆ ತೆರೆದಾಗ ಸರ್ವರಿಗೆ ರವಾನಿಸಲಾಗುತ್ತದೆ.

ಕಳುಹಿಸುವುದು ಸುಲಭ, ವಿಂಗಡಿಸುವುದೇ ಕಷ್ಟ. ಒಂದೇ ದೋಷ ಲಕ್ಷ ಫೋನುಗಳಲ್ಲಿ ಕಾಣಿಸಿಕೊಂಡರೆ ಟ್ರ್ಯಾಕರಿನಲ್ಲಿ ಲಕ್ಷ ದೂರು ಬೀಳಬಾರದು. ಸ್ಟ್ಯಾಕ್ ಟ್ರೇಸಿನ ಮುಖ್ಯ ಸಾಲುಗಳಿಂದ ಸರ್ವರ್ ಒಂದು ಗುರುತನ್ನು ರೂಪಿಸುತ್ತದೆ. ಅದೇ ಗುರುತಿನ ದೂರು ಈಗಾಗಲೇ ಇದ್ದರೆ ಎಣಿಕೆ ಮಾತ್ರ ಏರುತ್ತದೆ, ಇಲ್ಲದಿದ್ದರೆ ಹೊಸ ಇಶ್ಯೂ ತೆರೆಯುತ್ತದೆ. ಈ ಎಣಿಕೆಯ ಬೆಲೆ ಮೈಕ್ರೋಸಾಫ್ಟ್‌ಗೆ ಬೇಗ ತಿಳಿಯಿತು. ವಿಂಡೋಸ್ ಕಳುಹಿಸುತ್ತಿದ್ದ ವರದಿಗಳನ್ನು ನೋಡಿ, ಅರ್ಧದಷ್ಟು ತೊಂದರೆಗೆ ಶೇ 1ರಷ್ಟು ದೋಷಗಳೇ ಕಾರಣವೆಂದು ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ 2002ರಲ್ಲಿ ಅಚ್ಚರಿಯಿಂದ ಬರೆದಿದ್ದರು. ಯಾವುದನ್ನು ಮೊದಲು ಸರಿಪಡಿಸಬೇಕೆಂಬುದು ಊಹೆಯ ಮಾತಾಗಿ ಉಳಿಯಲಿಲ್ಲ.

ಆದರೆ ಇಶ್ಯೂ ಟ್ರ್ಯಾಕರ್ ಎಲ್ಲರಿಗೂ ತೆರೆದಿದ್ದರೆ? ದೆಹಲಿಯಲ್ಲಿ ಕೇಂದ್ರ ಕಚೇರಿಯಿರುವ ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿ, ಮುನ್ನಡೆಸಿದ ಆರೋಗ್ಯ ಸೇತು ಇದಕ್ಕೆ ಹತ್ತಿರದ ಉದಾಹರಣೆ. 2020ರ ಏಪ್ರಿಲ್ 2ರಂದು ಬಂದ ಈ ಕೋವಿಡ್ ಆ್ಯಪ್ ಎರಡು ತಿಂಗಳೊಳಗೆ 11 ಕೋಟಿಗೂ ಹೆಚ್ಚು ಜನರನ್ನು ತಲುಪಿತು. ಖಾಸಗಿತನದ ಬಗ್ಗೆ ಟೀಕೆಗಳು ಬಂದಿದ್ದವು. ಮೇ 26ರಂದು ಅದರ ಆಂಡ್ರಾಯ್ಡ್ ಕೋಡನ್ನು ಗಿಟ್‌ಹಬ್‌ನಲ್ಲಿ ‘ಎನ್‌ಐಸಿ-ಡೆಲ್ಲಿ’ ಹೆಸರಿನ ಖಾತೆಯಡಿ ಬಹಿರಂಗಗೊಳಿಸಲಾಯಿತು. ಕೋಡ್ ಓದಿ ತಪ್ಪು ತೋರಿಸುವ ಅವಕಾಶ ಯಾರಿಗಾದರೂ ಸಿಕ್ಕಿತು. ಭದ್ರತಾ ಲೋಪಗಳಿಗೆ ಮಾತ್ರ ಬೇರೆ ದಾರಿ: ಅವನ್ನು ಇಮೇಲ್ ಮೂಲಕ ತಿಳಿಸಬೇಕಿತ್ತು, ಒಂದೊಂದು ವಿಭಾಗಕ್ಕೆ 1 ಲಕ್ಷ ರೂಪಾಯಿವರೆಗೆ ಬಹುಮಾನವಿತ್ತು. ಸರ್ವರ್ ಬದಿಯ ಕೋಡ್ ಹೊರಬಂದದ್ದು ನವೆಂಬರ್‌ನಲ್ಲಿ; ಆ ವಿಳಂಬ ಸಮರ್ಥನೀಯವಲ್ಲ. ಆದರೂ ಸಾಮಾನ್ಯ ದೋಷವನ್ನು ಬಯಲಿನಲ್ಲಿ ಚರ್ಚಿಸಿ, ಅಪಾಯದ ದೋಷವನ್ನು ಗುಟ್ಟಾಗಿ ಪಡೆಯುವ ವಿಂಗಡಣೆ ಸರಿಯಾದದ್ದೇ.

ಕ್ರ್ಯಾಶ್ ವರದಿಗಳಿಗೂ ಇದೇ ವಿವೇಕ ಬೇಕು. ಸ್ಟ್ಯಾಕ್ ಟ್ರೇಸಿನ ಜೊತೆಗಿನ ದೋಷಸಂದೇಶದಲ್ಲಿ ಬಳಕೆದಾರರ ಫೋನ್ ನಂಬರೋ ಅವರು ಟೈಪ್ ಮಾಡಿದ ಮಾಹಿತಿಯೋ ಸೇರಿಕೊಳ್ಳಬಹುದು. ವರದಿ ಇದ್ದ ಹಾಗೆಯೇ ಬಹಿರಂಗ ಇಶ್ಯೂ ಆಗಿ ಪ್ರಕಟವಾದರೆ ಗುಟ್ಟು ಜಗತ್ತಿಗೇ ಗೊತ್ತಾಗುತ್ತದೆ. ಆಮೇಲೆ ಅಳಿಸಿದರೂ ಪ್ರತಿ ಎಲ್ಲೋ ಉಳಿದಿರುತ್ತದೆ. ಇನ್ನೊಂದು ಅಪಾಯ ಹೊಸಬರು ಮಾಡುವ ಎಡವಟ್ಟಿನದು. ಆ್ಯಪ್ ನೇರವಾಗಿ ಗಿಟ್‌ಹಬ್‌ಗೆ ಬರೆಯಲೆಂದು ಅಲ್ಲಿನ ಪ್ರವೇಶಕ್ಕೆ ಕೀಲಿಯಾದ ರಹಸ್ಯ ಟೋಕನ್ನನ್ನು ಆ್ಯಪ್‌ನೊಳಗೇ ಇಡುತ್ತಾರೆ. ಆ್ಯಪ್ ಫೈಲನ್ನು ಬಿಚ್ಚಿ ನೋಡುವುದು ಕಷ್ಟವಲ್ಲ. ಟೋಕನ್ ಸಿಕ್ಕವರು ಕಂಡಕಂಡ ದೂರುಗಳನ್ನು ತುಂಬಬಹುದು, ಅದಕ್ಕೆ ಹೆಚ್ಚಿನ ಅಧಿಕಾರ ಕೊಟ್ಟಿದ್ದರೆ ಕೋಡನ್ನೇ ತಿದ್ದಬಹುದು. ಟೋಕನ್ ಇರಬೇಕಾದದ್ದು ನಡುವಿನ ಸರ್ವರಿನಲ್ಲಿ. ಸೆಂಟ್ರಿಯಂಥ ಸೇವೆಗಳು ಈ ನಡುವಿನ ಕೆಲಸ ಮಾಡುತ್ತವೆ: ವರದಿ ಸ್ವೀಕರಿಸಿ, ಸೂಕ್ಷ್ಮ ಮಾಹಿತಿ ಅಳಿಸಿ, ಒಂದೇ ಬಗೆಯವನ್ನು ಕೂಡಿಸಿ, ನಿಯಮದಂತೆ ಟ್ರ್ಯಾಕರಿನಲ್ಲಿ ಇಶ್ಯೂ ತೆರೆಯುತ್ತವೆ. ಫೆಡೋರಾ ಲಿನಕ್ಸ್‌ನ ಎಬಿಆರ್‌ಟಿ ಎಂಬ ಸಾಧನವಂತೂ ಬಗ್‌ಜಿಲ್ಲಾಕ್ಕೆ ದೂರು ಸಲ್ಲಿಸುವ ಮೊದಲು ವಿವರಗಳನ್ನು ಬಳಕೆದಾರರಿಗೇ ತೋರಿಸುತ್ತದೆ. ಆ ಸೌಜನ್ಯ ಮೊಬೈಲ್ ಆ್ಯಪ್‌ಗಳಲ್ಲಿ ಅಪರೂಪ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವಂತೆ, ಒಪ್ಪಿಗೆ ಪಡೆದು ಸಂಗ್ರಹಿಸುವ ವೈಯಕ್ತಿಕ ಮಾಹಿತಿ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ವ್ಯಕ್ತಿಯನ್ನು ಗುರುತಿಸಬಲ್ಲ ವಿವರವಿದ್ದರೆ ಕ್ರ್ಯಾಶ್ ವರದಿಯೂ ಇದಕ್ಕೆ ಹೊರತಲ್ಲ.

ಎಷ್ಟೇ ಅಚ್ಚುಕಟ್ಟಾದ ವರದಿಯಾದರೂ ಆ ಹೊತ್ತಿಗೆ ಬಳಕೆದಾರರು ಏನು ಮಾಡಲು ಹೊರಟಿದ್ದರು ಎಂಬುದನ್ನು ಪೂರ್ತಿ ಹೇಳಲಾರದು. ಆದ್ದರಿಂದ ‘ವರದಿ ಕಳುಹಿಸಲೇ?’ ಎಂದು ಆ್ಯಪ್ ಕೇಳಿದಾಗ, ಯಾವ ಗುಂಡಿ ಒತ್ತಿದಾಗ ಹೀಗಾಯಿತು ಎಂದು ಒಂದು ಸಾಲು ಸೇರಿಸಿ. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆಯನ್ನು ಮಾತ್ರ ಅದರಲ್ಲಿ ಬರೆಯಬೇಡಿ.