ಸೈಕಲ್ ದಾರಿ ಎಲ್ಲಿ ಕೈಕೊಡುತ್ತದೆ?

ಕೊಳ್ಳೇಗಾಲ, ಯಳಂದೂರು, ಹನೂರಿನಲ್ಲಿ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು ಹವ್ಯಾಸಕ್ಕೆ ತುಳಿಯುವವರಲ್ಲ. ಸುತ್ತಲ ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಮಕ್ಕಳು, ಬೆಳಗ್ಗೆ ಪೇಪರ್ ಹಾಕುವ ಹುಡುಗರು, ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಕಟ್ಟಿಕೊಂಡು ಬರುವ ಹಿರಿಯರು, ಇವರಿಗೆಲ್ಲ ಅದೇ ವಾಹನ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಮನೆಗೆ ಸೈಕಲ್ ಬಂತು. ಅದನ್ನು ಓಡಿಸುವುದಕ್ಕೊಂದು ದಾರಿ ಬೇಕೆಂಬುದನ್ನು ಯಾರೂ ಅಷ್ಟಾಗಿ ಯೋಚಿಸಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 4,800ಕ್ಕೂ ಹೆಚ್ಚು ಸೈಕಲ್ ಸವಾರರು ಸತ್ತಿದ್ದಾರೆ.

ಸೈಕಲ್ ದಾರಿ ಎಂದರೆ ಹಸಿರು ಬಣ್ಣ ಬಳಿದ ಪಟ್ಟಿಯೇ ಆಗಬೇಕೆಂದಿಲ್ಲ. ಹುಡುಗಿಯೊಬ್ಬಳು ಮನೆಯಿಂದ ಶಾಲೆಯವರೆಗೆ ಹೋಗುವ ಅಷ್ಟೂ ರಸ್ತೆ ಅವಳ ಸೈಕಲ್ ದಾರಿಯೇ. ಐದು ಕಿಲೋಮೀಟರ್ ಚೆನ್ನಾಗಿದ್ದು, ಒಂದೇ ಒಂದು ಸರ್ಕಲ್ ಕೆಟ್ಟದ್ದಾಗಿದ್ದರೆ ಆ ದಾರಿ ಕೆಟ್ಟದ್ದೇ. ಆದ್ದರಿಂದ ದಾರಿಯನ್ನು ಅಳೆಯಬೇಕಾದದ್ದು ಅದರ ಉದ್ದದಿಂದಲ್ಲ, ಅದರ ಅತಿ ಅಪಾಯದ ಜಾಗದಿಂದ. ಅಂಥ ಜಾಗಗಳು ಹೇಗೆ ಹುಟ್ಟುತ್ತವೆ, ಅವನ್ನು ಸರಿಪಡಿಸುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಹೆದ್ದಾರಿ ಊರೊಳಗೆ ಬಂದಾಗ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 948 ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಮೂಲಕ ತಮಿಳುನಾಡಿಗೆ ಸಾಗುತ್ತದೆ. ದೂರದೂರಿಗೆ ಹೋಗುವ ಲಾರಿಗೂ ಪಕ್ಕದ ಬೀದಿಯ ಮಗುವಿಗೂ ಒಂದೇ ರಸ್ತೆ.

ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕ ಸೈಕಲ್ ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡ್ ತೆಗೆದುಕೊಂಡರೂ ಅಷ್ಟು ದೂರ ಹೋಗಿಯಾಯಿತು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇದ್ದರೂ ಅದು ಪೂರ್ತಿ ನಿಲ್ಲಲು 35 ಮೀಟರ್‌ಗೂ ಹೆಚ್ಚು ಬೇಕು. ಅದೇ ಕಾರು 30ರಲ್ಲಿ ಬರುತ್ತಿದ್ದರೆ 13-14 ಮೀಟರ್‌ನಲ್ಲಿ ನಿಲ್ಲುತ್ತದೆ. ಗುದ್ದಿದರೂ ಹೊಡೆತದ ಶಕ್ತಿ ಕಾಲು ಭಾಗಕ್ಕೆ ಇಳಿದಿರುತ್ತದೆ. ಹೀಗಾಗಿ ಸೈಕಲ್ ಸುರಕ್ಷತೆಯ ಮೊದಲ ಕೆಲಸ ಸೈಕಲ್‌ಗೆ ಸಂಬಂಧಿಸಿದ್ದೇ ಅಲ್ಲ, ಊರಿನ ಮಿತಿಯೊಳಗೆ ವಾಹನಗಳ ವೇಗ ಇಳಿಸುವುದು.

ಅದಕ್ಕೆಂದು ಹಾಕುವ ಹಂಪ್ ಹೇಗಿರಬೇಕೆಂಬುದಕ್ಕೂ ಅಳತೆಯಿದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು. ಅದರ ಮೇಲೆ ವಾಹನ ನಿಧಾನವಾಗುತ್ತದೆಯೇ ಹೊರತು ಎಗರುವುದಿಲ್ಲ. ಅಪಘಾತವಾದ ಮರುದಿನ ಜನರ ಒತ್ತಾಯಕ್ಕೆ ರಾತ್ರೋರಾತ್ರಿ ಹಾಕುವ ಕಿರಿದಾದ, ಮೊನಚು ಹಂಪ್ ಸೈಕಲ್ ಸವಾರನನ್ನೇ ಬೀಳಿಸುತ್ತದೆ. ಇನ್ನೂ ಒಂದು ತೊಂದರೆ: ಮಳೆನೀರು ಹರಿಯಲೆಂದು ಹಂಪ್‌ನ ಎಡ ತುದಿಯಲ್ಲಿ ಬಿಟ್ಟ ಸಂದಿಯಲ್ಲಿ ಬೈಕಿನವರು ವೇಗ ತಗ್ಗಿಸದೆ ನುಗ್ಗುತ್ತಾರೆ. ಸೈಕಲಿನವರೂ ಅದೇ ಸಂದಿ ಹುಡುಕುತ್ತಾರೆ. ಆ ಸಂದಿಯಲ್ಲಿ ಎದ್ದು ಕಾಣುವಂತೆ ಬಣ್ಣ ಹೊಡೆದ ಗೂಟ ನೆಟ್ಟು, ಸೈಕಲ್ ಮಾತ್ರ ನಿಧಾನವಾಗಿ ದಾಟುವಷ್ಟು ಜಾಗ ಉಳಿಸಬಹುದು.

ಡಾಂಬರಿನ ಅಂಚು

ಎರಡು ಪಥದ ಹೆದ್ದಾರಿಯ ಸಾಮಾನ್ಯ ಅಳತೆಯಲ್ಲಿ ನಡುವೆ 7 ಮೀಟರ್ ರಸ್ತೆ, ಎರಡೂ ಬದಿಗೆ ಒಂದೂವರೆ ಮೀಟರ್ ಡಾಂಬರು ಹಾಕಿದ ಪಕ್ಕದ ಪಟ್ಟಿ. ನಮ್ಮ ಕಡೆ ಸೈಕಲಿನವರಿಗೆ ಸಿಗುವುದು ಈ ಪಟ್ಟಿಯೇ. ಊರೊಳಗೆ ಅದರ ಮೇಲೆ ಆಟೋ ನಿಲ್ಲುತ್ತದೆ, ತರಕಾರಿ ಗಾಡಿ ನಿಲ್ಲುತ್ತದೆ. ಪಟ್ಟಿ ಮುಗಿಯುವ ಕಡೆ, ಮತ್ತೆ ಮತ್ತೆ ಡಾಂಬರು ಹಾಕಿ ರಸ್ತೆ ಎತ್ತರವಾಗಿ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿ, ಗೇಣೆತ್ತರದ ಮೆಟ್ಟಿಲು ಉಳಿದಿರುತ್ತದೆ.

ಆ ಮೆಟ್ಟಿಲಿನ ಹತ್ತಿರ ಆಗುವುದೇನು? ಹಿಂದಿನಿಂದ ಬಸ್ ಹಾರ್ನ್ ಹೊಡೆದಾಗ ಹುಡುಗ ಮಣ್ಣಿಗೆ ಇಳಿಯುತ್ತಾನೆ. ಬಸ್ ಹೋದ ಮೇಲೆ ರಸ್ತೆಗೆ ಹತ್ತಲು ಹ್ಯಾಂಡಲ್ ಬಲಕ್ಕೆ ತಿರುಗಿಸುತ್ತಾನೆ. ಮುಂದಿನ ಚಕ್ರ ಅಂಚಿಗೆ ಉಜ್ಜಿಕೊಂಡು ಮೇಲೆ ಬರಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸೈಕಲ್ ನಿಂತಿರುವುದೇ ವಾಲಿದ ಕಡೆಗೆ ಹ್ಯಾಂಡಲನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಸರಿದೂಗಿಸುವುದರಿಂದ. ಇಲ್ಲಿ ಮೈ ಬಲಕ್ಕೆ ವಾಲಿದೆ, ಚಕ್ರ ಬಲಕ್ಕೆ ಹೋಗುತ್ತಿಲ್ಲ. ಹುಡುಗ ಬೀಳುವುದು ಬಲಕ್ಕೇ, ಹಿಂದೆ ಬರುವ ವಾಹನದ ದಾರಿಗೇ. ಇಂಥ ಕಡೆ ಇಳಿದು, ನಿಂತು, ಸೈಕಲ್ ಎತ್ತಿಯೇ ರಸ್ತೆಗೆ ಹತ್ತಬೇಕೆಂದು ಮಕ್ಕಳಿಗೆ ಹೇಳಿಕೊಡಿ. ರಸ್ತೆ ಮಾಡುವವರು ಮಾಡಬೇಕಾದದ್ದು ಅಂಚಿಗೆ ಗ್ರಾವೆಲ್ ತುಂಬಿ ರೋಲರ್ ಓಡಿಸುವುದು, ಅಥವಾ ಡಾಂಬರು ಹಾಕುವಾಗಲೇ ಅಂಚನ್ನು ಇಳಿಜಾರಾಗಿ ಮುಗಿಸುವುದು. ಅಮೆರಿಕದ ಹೆದ್ದಾರಿಗಳಲ್ಲಿ 30 ಡಿಗ್ರಿ ಇಳಿಜಾರಿನ ಅಂಚು ಬಳಕೆಗೆ ಬಂದದ್ದು ಇದೇ ಕಾರಣಕ್ಕೆ.

ಚರಂಡಿಯ ಜಾಲರಿ

ಸಾಮಾನ್ಯ ಸೈಕಲ್‌ನ ಟೈರ್ ಅಗಲ ಸುಮಾರು ಒಂದೂವರೆ ಇಂಚು. ಚರಂಡಿ ಮೇಲಿನ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದು, ನಡುವೆ ಎರಡು ಇಂಚು ಸಂದಿಯಿದ್ದರೆ ಮುಂದಿನ ಚಕ್ರ ನೇರ ಒಳಗಿಳಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ. ಸರಳುಗಳು ರಸ್ತೆಗೆ ಅಡ್ಡಲಾಗಿದ್ದರೆ ಚಕ್ರ ಮೇಲೆಯೇ ಉರುಳಿ ಹೋಗುತ್ತದೆ. ಪರಿಹಾರ ಅಷ್ಟು ಸಲೀಸು: ಜಾಲರಿಯನ್ನು ತಿರುಗಿಸಿ ಹಾಕುವುದು, ಆಗದಿದ್ದರೆ ಅಡ್ಡಪಟ್ಟಿ ವೆಲ್ಡ್ ಮಾಡಿಸುವುದು. ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಬಲ್ಲ ಕೆಲಸ.

ಬಣ್ಣ ಬಳಿದರೆ ಸಾಲದು

ಬೆಂಗಳೂರಿನ ಅನುಭವ ಇಲ್ಲಿ ಪಾಠವಾಗಬೇಕು. ಹತ್ತು ವರ್ಷಗಳಿಗೂ ಹಿಂದೆ ಜಯನಗರದಲ್ಲಿ ಗುರುತು ಮಾಡಿದ ಸೈಕಲ್ ಪಥಗಳು ಬೇಗನೆ ಪಾರ್ಕಿಂಗ್ ಜಾಗವಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್‌ಗೆಂದೇ ಪಥ ಬೇರ್ಪಡಿಸಿದರು. ಅದರೊಳಗೆ ಬೈಕುಗಳು ನುಗ್ಗಿದವು, ಗೂಟಗಳು ಮುರಿದವು, ಬಳಿಕ ಮೆಟ್ರೊ ಕಾಮಗಾರಿ ಬಂತು. ಪಕ್ಕದ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಸೇವೆ ಆರಂಭವಾಯಿತು. ಸೈಕಲ್ ಕೈಗೆ ಸಿಕ್ಕರೆ ಜನ ತುಳಿಯುತ್ತಾರೆ ಎಂಬುದು ಅದರಿಂದ ಗೊತ್ತಾಯಿತು. ಆದರೆ ಸೈಕಲ್ ಕೊಡುವುದು ಬೇರೆ, ದಾರಿ ಕಾಯುವುದು ಬೇರೆ.

ಸೈಕಲ್ ಪಥದ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೈಪಿಡಿ 1962ರಿಂದಲೇ ಇದೆ, 2015ರಲ್ಲಿ ಪರಿಷ್ಕರಣೆಯೂ ಆಗಿದೆ. ಎರಡು ಸೈಕಲ್ ಅಕ್ಕಪಕ್ಕ ಹೋಗಲು, ಒಂದನ್ನೊಂದು ಹಿಂದಿಕ್ಕಲು ಕನಿಷ್ಠ ಎರಡು ಮೀಟರ್ ಬೇಕು. ಕಾರು ನಿಲ್ಲುವ ಸಾಲಿಗೆ ಅಂಟಿಕೊಂಡೇ ಪಥ ಗುರುತಿಸಿದರೆ, ಚಾಲಕ ಹಿಂದೆ ನೋಡದೆ ಬಾಗಿಲು ತೆರೆದಾಗ ಸವಾರ ಅದಕ್ಕೇ ಬಡಿಯುತ್ತಾನೆ. ನಿಂತ ಕಾರಿನಿಂದ ಒಂದು ಮೀಟರ್ ದೂರ ಬಿಡುವುದು ಪಥ ಹಾಕುವವರಿಗೂ ತುಳಿಯುವವರಿಗೂ ನಿಯಮವಾಗಬೇಕು.

ಸರ್ಕಲ್‌ನ ಎಡ ತಿರುವು

ಲಾರಿ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ದಾರಿಯಲ್ಲೇ ಬರುವುದಿಲ್ಲ, ಒಳಕ್ಕೆ ಜಗ್ಗಿ ಮೂಲೆಯನ್ನು ಸವರಿಕೊಂಡು ಹೋಗುತ್ತವೆ. ಎಡ ಬಾಗಿಲ ಪಕ್ಕ ನಿಂತ ಸೈಕಲ್ ಚಾಲಕನಿಗೆ ಕಾಣುವುದೂ ಇಲ್ಲ. ನಿಂತ ಲಾರಿಯ ಎಡಗಡೆ ಯಾವತ್ತೂ ನುಸುಳಬೇಡಿ, ಅದರ ಹಿಂದೆಯೇ ನಿಲ್ಲಿ. ಮೂಲೆಯ ತಿರುವನ್ನು ಅಗಲವಾಗಿ ಬಿಡದೆ ಕಿರಿದಾಗಿ ಕಟ್ಟಿದರೆ ವಾಹನಗಳು ತಾವಾಗಿಯೇ ನಿಧಾನವಾಗುತ್ತವೆ. ಮೂಲೆಯ ಬೋರ್ಡು, ಫ್ಲೆಕ್ಸುಗಳನ್ನು ತೆಗೆಸಿದರೆ ಒಬ್ಬರಿಗೊಬ್ಬರು ಕಾಣುತ್ತಾರೆ.

ಕಬ್ಬು, ಒಕ್ಕಣೆ, ಬೆಟ್ಟ

ನಮ್ಮ ಸೀಮೆಗೇ ಸೇರಿದ ಅಪಾಯಗಳೂ ಇವೆ. ಕಬ್ಬಿನ ಕಟಾವಿನ ಕಾಲದಲ್ಲಿ ಟ್ರೈಲರ್‌ನ ಎರಡೂ ಬದಿ ಜಲ್ಲೆಗಳು ಚಾಚಿಕೊಂಡಿರುತ್ತವೆ, ಹಿಂದೆ ದೀಪವಿರುವುದಿಲ್ಲ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಸೊಪ್ಪು ಚೈನಿಗೆ, ಚಕ್ರದ ಗುಂಭಕ್ಕೆ ಸುತ್ತಿಕೊಂಡು ಸೈಕಲ್ ಇದ್ದಲ್ಲೇ ನಿಲ್ಲುತ್ತದೆ, ಕಾಳಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ರೈತರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಊರಿಗೊಂದು ಒಕ್ಕಣೆ ಕಣ ಕಟ್ಟಿಸಿಕೊಟ್ಟರೆ ಅವರಿಗೂ ಅನುಕೂಲ, ರಸ್ತೆಯೂ ಉಳಿಯುತ್ತದೆ. ಕತ್ತಲಲ್ಲಿ ಹಿಂದಿನ ವಾಹನದವರಿಗೆ ಸೈಕಲ್ ಕಾಣುವಂತೆ ಅದರ ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು ರಿಫ್ಲೆಕ್ಟರ್, ಪೆಡಲ್‌ಗೆ ಹಳದಿ ರಿಫ್ಲೆಕ್ಟರ್ ಕಡ್ಡಾಯವಾಗಿ ಇರಲಿ.

ಯಳಂದೂರಿನಿಂದ ಗುಂಬಳ್ಳಿ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ರಸ್ತೆ 2011ರಲ್ಲಿ ಘೋಷಣೆಯಾದ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಇಲ್ಲಿ ದಾರಿಯ ಮೊದಲ ಹಕ್ಕು ಕಾಡಿನದು. ಚೆಕ್‌ಪೋಸ್ಟ್‌ನಲ್ಲಿ ಸಮಯ, ಅನುಮತಿ ವಿಚಾರಿಸಿಯೇ ಹೊರಡಿ. ಇಳಿಯುವಾಗ ಒಂದೇ ಬ್ರೇಕನ್ನು ಒತ್ತಿಹಿಡಿದರೆ ರಿಮ್ ಕಾದು ಹಿಡಿತ ತಪ್ಪುತ್ತದೆ. ಎರಡನ್ನೂ ಬಿಟ್ಟು ಬಿಟ್ಟು ಹಿಡಿಯಿರಿ, ತಿರುವಿಗೆ ಮೊದಲೇ ವೇಗ ಇಳಿಸಿ.

ಯಾರನ್ನು ಕೇಳಬೇಕು

ಪಟ್ಟಣದ ಬೀದಿ, ಚರಂಡಿ, ಜಾಲರಿ ಕೊಳ್ಳೇಗಾಲದಲ್ಲಿ ನಗರಸಭೆಯ ಕೆಲಸ. ಯಳಂದೂರು, ಹನೂರಿನಲ್ಲಿ ಪಟ್ಟಣ ಪಂಚಾಯಿತಿಯದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ 1033ಕ್ಕೆ ಕರೆ ಮಾಡಬಹುದು. ಇವರೆಲ್ಲ ಒಂದೇ ಮೇಜಿನ ಸುತ್ತ ಕೂರುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು, ನಿಗದಿತ ಗುಣಮಟ್ಟ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿ.

ಶುರು ಮಾಡುವ ಜಾಗ ಶಾಲೆಯೇ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು, ಒಬ್ಬ ಮೇಷ್ಟ್ರು, ವಾರ್ಡಿನ ಸದಸ್ಯರು ಸೇರಿ ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳ ದಾರಿಯಲ್ಲೇ ಸೈಕಲ್ ತುಳಿಯಿರಿ. ಮಕ್ಕಳು ಎಲ್ಲಿ ಇಳಿದು ತಳ್ಳುತ್ತಾರೆ, ಎಲ್ಲಿ ರಾಂಗ್ ಸೈಡ್‌ನಲ್ಲಿ ಬರುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಮಕ್ಕಳು ನಿಯಮ ಮುರಿಯುವ ಜಾಗದಲ್ಲಿ ತಪ್ಪು ಹೆಚ್ಚಾಗಿ ರಸ್ತೆಯದೇ ಆಗಿರುತ್ತದೆ. ಅಂಥ ಐದು ಜಾಗಗಳ ಫೋಟೊ, ಅಳತೆ, ಬೇಕಾದ ದುರಸ್ತಿ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟು, ಸ್ವೀಕೃತಿ ಪಡೆದು, ತಿಂಗಳಿಗೊಮ್ಮೆ ಹೋಗಿ ಕೇಳಿ. ಕೋಟಿಗಟ್ಟಲೆ ಹಣದ ಯೋಜನೆಗೆ ಕಾಯಬೇಕಾಗಿಲ್ಲ. ಜಾಲರಿ ತಿರುಗಿಸುವುದು, ಅಂಚಿಗೆ ಗ್ರಾವೆಲ್ ತುಂಬುವುದು, ಮೂಲೆಯ ಫ್ಲೆಕ್ಸ್ ತೆಗೆಸುವುದು ಈ ವರ್ಷದ ಅನುದಾನದಲ್ಲೇ ಆಗಬಹುದಾದ ಕೆಲಸಗಳು. ಕೇಳುವವರು ಬಿಡದೆ ಕೇಳಬೇಕು, ಅಷ್ಟೆ.